ಹಾರ್ಡ್ ಡಿಸ್ಕಿಗೆ ಉಡಿ ತುಂಬುವ ಶಿವದೇವಿ

ಹೈದರಾಬಾದಿನ ಮಣಿಕೊಂಡದಲ್ಲಿ ನೀರಿನ ಟ್ಯಾಂಕಿನ ಹಿಂದಿನ ಗಲ್ಲಿಗೆ ಹೋಗಿ "ಮದುವಿ ಶಿವದೇವಿ ಮನಿ ಯಾವುದು?" ಎಂದು ಕನ್ನಡದಲ್ಲಿ ಕೇಳಿದರೂ ಸರಿ, ತೆಲುಗಿನಲ್ಲಿ ಕೇಳಿದರೂ ಸರಿ, ಇಸ್ತ್ರಿ ಗಾಡಿಯವನು ಕೈ ತೋರಿಸುತ್ತಾನೆ. ಹೊಸಬರು ಅವಳನ್ನು ಗಂಡು-ಹೆಣ್ಣು ಕೂಡಿಸುವವಳು ಎಂದುಕೊಳ್ಳುವುದುಂಟು. ಮಗಳ ಫೋಟೋ ಹಿಡಿದುಕೊಂಡು ಬಂದು ಕೂತವರೂ ಇದ್ದಾರೆ. ಶಿವದೇವಿ ಅವರಿಗೂ ಚಹಾ ಕೊಟ್ಟು, "ನಾ ಮದುವಿ ಮಾಡ್ಸಾಕಿ ಅಲ್ರಿ, ಆಗಿದ್ದ ಮದುವಿ ಕತ್ತರಿಸಾಕಿ" ಎನ್ನುತ್ತಾಳೆ. ಅವರು ಗಾಬರಿಯಾಗಿ ಬಸಿಯನ್ನು ಕೆಳಗಿಡುತ್ತಾರೆ. ಒಳಕೋಣೆಯ ಕಂಪ್ಯೂಟರ್ ತೋರಿಸಿದ ಮೇಲೆ ನಕ್ಕು, ಉಳಿದ ಚಹಾ ಕುಡಿಯುತ್ತಾರೆ.

ಅವಳ ಕೆಲಸ ಇಷ್ಟೇ. ಬೀದರ, ಕಲಬುರಗಿ, ರಾಯಚೂರು ಕಡೆಯಿಂದ ಬಂದು ಹೈದರಾಬಾದಿನಲ್ಲಿ ನೆಲೆಸಿದವರ ಮನೆಯಲ್ಲಿ ಮದುವೆಯಾದರೆ, ಕ್ಯಾಮರಾದವರು ಎರಡು ದಿನ ಹಿಡಿದ ವಿಡಿಯೋ ಇವಳಲ್ಲಿಗೆ ಬರುತ್ತದೆ. ಹದಿನೆಂಟು ತಾಸಿನ ಗದ್ದಲವನ್ನು ಇವಳು ಎರಡು ತಾಸಿಗೆ ಇಳಿಸುತ್ತಾಳೆ. ಹಿಂದೊಮ್ಮೆ ಯಾವುದೋ ದೊಡ್ಡ ಸ್ಟುಡಿಯೋದವನು, ನಾಲ್ಕು ಮೂಲೆಗೆ ಗಿಂಡಿ ಇಟ್ಟು ನೂಲು ಸುತ್ತಿ ಮದುಮಕ್ಕಳಿಗೆ ನೀರೆರೆಯುವ ಸುರಗಿಯನ್ನು "ಯಾರೋ ಸ್ನಾನ ಮಾಡಾಕತ್ತಾರ" ಎಂದು ಕಿತ್ತುಹಾಕಿದ್ದನಂತೆ. ಆ ಸುದ್ದಿ ಹಬ್ಬಿದ ಮೇಲೆ ನಮ್ಮ ಕಡೆಯ ಮನೆಗಳ ಮದುವೆಗಳೆಲ್ಲ ಶಿವದೇವಿಯ ಬಾಗಿಲಿಗೇ ಬಂದವು.

ಈ ವಿದ್ಯೆಯನ್ನು ಅವಳಿಗೆ ಯಾರೂ ಶಾಲೆಯಲ್ಲಿ ಕಲಿಸಲಿಲ್ಲ. ಚಿಂಚೋಳಿ ಹತ್ತಿರದ ಊರಿನಿಂದ ಶಾಂತಪ್ಪನ ಹೆಂಡತಿಯಾಗಿ ಬಂದಾಗ ಅವಳಿಗೆ ಟೇಪ್ ರಿಕಾರ್ಡರಿನ ಗುಂಡಿ ಒತ್ತಲೂ ಅಂಜಿಕೆ. ಶಾಂತಪ್ಪ ಬೇಗಂಪೇಟೆಯ ಒಂದು ಕಚೇರಿಯಲ್ಲಿ ಎಲೆಕ್ಟ್ರಿಷಿಯನ್. ಅಲ್ಲಿ ತೆಗೆದುಹಾಕಿದ ಹಳೆಯ ಕಂಪ್ಯೂಟರೊಂದನ್ನು ಅವನು ಮನೆಗೆ ತಂದ. ಅದರಲ್ಲಿ ತನ್ನ ತಂಗಿಯ ಮದುವೆ ನೋಡುತ್ತ ಶಿವದೇವಿಗೆ ಸಿಟ್ಟು ಬಂತು. "ಬರೇ ಊಟದ ಪಂಕ್ತಿನ ತೋರಿಸ್ಯಾರಲ್ಲ! ತಂಗಿ ಅತ್ತಿದ್ದು ಎಲ್ಲಿ ಹೋತು?" ಪಕ್ಕದ ಮನೆಯ ಕಾಲೇಜು ಹುಡುಗಿಯನ್ನು ಹಿಡಿದು, ದಿನಾ ಮಧ್ಯಾಹ್ನ ಅವಳಿಗೆ ಬಿಸಿ ರೊಟ್ಟಿ ತಿನ್ನಿಸಿ, ಕತ್ತರಿಸುವುದನ್ನು ಕಲಿತಳು. ಅದು ಹದಿನಾಲ್ಕು ವರ್ಷದ ಹಿಂದಿನ ಮಾತು.

ಮೊದಲ ಗಿರಾಕಿಗೆ ಹಾರ್ಡ್ ಡಿಸ್ಕನ್ನು ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದಳು. ಮದುಮಗಳ ತಾಯಿ ಸಾವಿತ್ರಿ ಅದನ್ನು ಮುಟ್ಟಲೇ ಇಲ್ಲ. "ಇದರಾಗ ನನ್ನ ಮಗಳು ಅದಾಳ್ರಿ. ಹಿಂಗ ಭಜಿ ಕಟ್ಟಿಕೊಟ್ಟಂಗ ಕೊಡ್ತೀರೇನು?" ಅಂದಳು. ಮಾತು ನಾಟಿತು. ಹೌದಲ್ಲ, ಮಗಳನ್ನು ಬರಿ ಉಡಿಯಲ್ಲಿ ಯಾರು ಕಳಿಸುತ್ತಾರೆ? ಅಂದಿನಿಂದ ಶಿವದೇವಿಯ ಮನೆಯಿಂದ ಯಾವ ಡಿಸ್ಕೂ ಉಡಿ ತುಂಬಿಸಿಕೊಳ್ಳದೆ ಹೊಸ್ತಿಲು ದಾಟಿಲ್ಲ. ಖಣ ಹಾಸಿ, ನಡುವೆ ಡಿಸ್ಕ್ ಇಟ್ಟು, ಅರಿಷಿಣ ಕುಂಕುಮ ಏರಿಸಿ, ಐದು ಹಿಡಿ ಅಕ್ಕಿ, ಉತ್ತತ್ತಿ, ಅಡಿಕೆ, ಕೊಬ್ಬರಿ ಬಟ್ಟಲು ಹಾಕಿ, ಗಂಟು ಕಟ್ಟಿ ಬಂದವರ ಸೆರಗಿಗೆ ಹಾಕಿ ಕಳಿಸುತ್ತಾಳೆ. ಇದನ್ನು ನೋಡಿ ತೆಲುಗು ಗಿರಾಕಿಗಳೂ ಈಗ "ಮಾಕೂ ಅಲಾಗೇ ಕಾವಾಲಿ", ನಮಗೂ ಹಾಗೇ ಬೇಕು, ಎಂದು ಕೇಳುವ ಹಾಗಾಗಿದೆ.

ಅವಳ ಇನ್ನೊಂದು ಹಟ ಡಿಸ್ಕಿನ ಬಾಯಿಯದು. ವೈರು ಸಿಕ್ಕಿಸುವ ಜಾಗಕ್ಕೆ ಅವಳು ಬಾಯಿ ಎನ್ನುತ್ತಾಳೆ. ಈ ಬಾಯಿಗಳ ಕೈಯಲ್ಲಿ ಅವಳು ಬಹಳ ಅನುಭವಿಸಿದ್ದಾಳೆ. ಮೊದಮೊದಲು ಹಳೇ ಯುಎಸ್‌ಬಿ. ಒಂದು ಮದುವೆಯನ್ನು ಡಿಸ್ಕಿಗೆ ಇಳಿಯಲು ಬಿಟ್ಟು, ಹಿಟ್ಟು ನಾದಿ, ಮೂವತ್ತು ರೊಟ್ಟಿ ಬಡಿದು, ಪಲ್ಯ ಮಾಡಿ, ಉಂಡು ಕೈ ತೊಳೆದರೂ ಅರ್ಧ ಮದುವೆ ಇನ್ನೂ ಈಚೆಗೇ ಉಳಿಯುತ್ತಿತ್ತು. ಆಮೇಲೆ ಒಳಗೆ ನೀಲಿ ನಾಲಗೆಯಿದ್ದ ಯುಎಸ್‌ಬಿ ಮೂರು ಬಂತು. ಅದು ಓಡಿತು. ಆದರೆ ಡಿಸ್ಕಿನ ಕಡೆ ಅದಕ್ಕೆ ಎರಡು ತುಂಡು ಸೇರಿಸಿದಂಥ ಚಪ್ಪಟೆ ಬಾಯಿ. ಆರು ತಿಂಗಳಿಗೆ ಸಡಿಲಾಗಿ ಮುದುಕರ ಹಲ್ಲಿನ ಹಾಗೆ ಅಲ್ಲಾಡುತ್ತಿತ್ತು. ಈಗ ಟೈಪ್-ಸಿ. ಚಿಕ್ಕದು, ಹೇಗೆ ತಿರುವಿ ಹಾಕಿದರೂ ಕೂರುತ್ತದೆ, ಗಟ್ಟಿ ಹಿಡಿಯುತ್ತದೆ.

ಹೀಗಾಗಿ ಡಿಸ್ಕ್ ಕೊಳ್ಳುವ ಮೊದಲು ಗಿರಾಕಿಗೆ ಅವಳು ಮೂರು ಪ್ರಶ್ನೆ ಹಾಕುತ್ತಾಳೆ. ನಿಮ್ಮ ಟೀವಿ ಯಾವ ಕಾಲದ್ದು? ಹಚ್ಚುವವರು ಯಾರು? ಡಿಸ್ಕ್ ಎಷ್ಟು ಊರು ತಿರುಗುತ್ತದೆ? ಉತ್ತರ ಕೇಳಿಕೊಂಡು, ಕೋಠಿಯ ಅಮರಯ್ಯನ ಅಂಗಡಿಗೆ ಚೀಟಿ ಬರೆದು ಕಳಿಸುತ್ತಾಳೆ. ಭಾಲ್ಕಿಯ ಅಮರಯ್ಯ ಮೂವತ್ತು ವರ್ಷದಿಂದ ಕೋಠಿಯಲ್ಲಿ ವೈರು ಮಾರುತ್ತ ಕೂತವನು. ಶಿವದೇವಿಯ ಚೀಟಿ ಇದ್ದರೆ ಎದುರು ಮಾತಾಡದೆ ಅದರಲ್ಲಿದ್ದದ್ದನ್ನೇ ಕೊಡುತ್ತಾನೆ.

ಹೋದ ಸೀಸನ್ನಿನಲ್ಲಿ ಈ ಚೀಟಿಗೆ ಜಗ್ಗದೆ ಬಂದವರು ಗುರುಬಸವ ಸಾವ್ಕಾರರು. ಬೇಗಂ ಬಜಾರಿನಲ್ಲಿ ಅವರದು ತೊಗರಿಬೇಳೆ ಅಂಗಡಿ, ಬೇಗಂಪೇಟೆಯಲ್ಲಿ ಮನೆ. ಮಗಳು ಸೌಂದರ್ಯಾಳ ಮದುವೆ ಮುಗಿದಿತ್ತು. ಅವರು ಬರುವಾಗಲೇ ಮಿಠಾಯಿ ಡಬ್ಬಿಯಂತೆ ಹೊಳೆಯುವ ಪೆಟ್ಟಿಗೆಯೊಂದನ್ನು ತಂದು ಮೇಜಿನ ಮೇಲಿಟ್ಟರು.

"ಅಕ್ಕಾರ, ಥಂಡರ್‌ಬೋಲ್ಟ್! ಅಂಗಡ್ಯಾಗ ಇದಕ್ಕಿಂತ ಫಾಸ್ಟ್ ಇನ್ನೊಂದಿಲ್ಲ ಅಂದ."

"ಸಾವ್ಕಾರ್ರ, ನಿಮ್ಮ ಟೀವಿ ಯಾವ ಕಾಲದ್ದು?"

"ಎಂಟು ವರ್ಷ ಆತು. ಯಾಕ?"

"ಹಂಗಾದ್ರ ಅದಕ್ಕ ಇದು ಹತ್ತಂಗಿಲ್ಲ. ನೋಡಾಕ ಟೈಪ್-ಸಿ ಬಾಯಿನ ಕಾಣ್ತೈತಿ, ಆದ್ರ ಇದರ ಮಾತು ನಿಮ್ಮ ಟೀವಿಗೆ ತಿಳಿಯಂಗಿಲ್ಲ. ಭಾರಿ ಭಾರಿ ಕಂಪ್ಯೂಟರ್ ಇಟ್ಟವರು ತಗೊಳ್ಳೋದದು."

"ಫಾಸ್ಟ್ ಇದ್ರ ಒಳ್ಳೇದಲ್ರಿ?"

ಶಿವದೇವಿ ಕಿಟಕಿಯಿಂದ ಕೆಳಗೆ ಕೈ ತೋರಿಸಿದಳು. ಗಲ್ಲಿಯಲ್ಲಿ ನೀರಿನ ಟ್ಯಾಂಕರ್ ನಿಂತಿತ್ತು. "ಆ ಟ್ಯಾಂಕರಿನ ಸಣ್ಣ ನಳಕ್ಕ ಆನಿ ಸೊಂಡಿ ಅಷ್ಟು ದಪ್ಪ ಪೈಪ್ ಹಚ್ಚಿದ್ರ ನೀರು ಹೆಚ್ಚಿಗಿ ಬರ್ತೈತೇನ್ರಿ? ಗಾಲಿ ತಿರುಗಿದಂಗ ತಿರುಗೋ ಸಾದಾ ಡಿಸ್ಕ್ ಕೊಡೋದ ಅಷ್ಟು. ಸಿನಿಮಾ ನೋಡಾಕ ಅಷ್ಟು ಸಾಕು. ಡಿಸ್ಕಿನ ಕಡೆ ಟೈಪ್-ಸಿ, ಟೀವಿ ಕಡೆ ನೀಲಿ ನಾಲಗಿ ಇದ್ದ ಅಗಲ ಪಿನ್ನು. ಅಮರಯ್ಯನ್ನ ಕೇಳ್ರಿ, ಕೊಡ್ತಾನ."

ಸಾವ್ಕಾರರು ಮುಖ ಚಿಕ್ಕದು ಮಾಡಿಕೊಂಡರು. ಪೆಟ್ಟಿಗೆಯನ್ನು ಅಂಗಡಿಗೆ ತಿರುಗಿ ಕೊಟ್ಟು, ಅವಳ ಚೀಟಿಯಲ್ಲಿದ್ದದ್ದನ್ನೇ ತಂದರು. ಆದರೆ ಅದನ್ನು ಕೊಟ್ಟು ಹೋಗುವಾಗ ನಿಜವಾದ ಸಂಕಟವನ್ನು ಹೇಳಿದರು.

ಸಂಕಟದ ಹೆಸರು ಬಂಡೆಮ್ಮ. ಸಾವ್ಕಾರರ ತಾಯಿ, ಎಂಬತ್ತರ ಹತ್ತಿರದವಳು. ಮದುವೆಯ ದಿನ ಬೆಳಿಗ್ಗೆ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಆಸ್ಪತ್ರೆಯಲ್ಲಿ ಪಟ್ಟಿ ಹಾಕುವಾಗ ತಾನೇ, "ನನ್ನ ಸಲುವಾಗಿ ಅಕ್ಕಿಕಾಳಿನ ಮುಹೂರ್ತ ತಡ ಮಾಡಬ್ಯಾಡ್ರಿ, ಹೋಗ್ರಿ" ಎಂದು ಎಲ್ಲರನ್ನೂ ಕಳಿಸಿದಳು. ಮದುವೆಯಾಯಿತು. ಸಂಜೆ ಎಲ್ಲರೂ ನಗುತ್ತ ತಿರುಗಿ ಬಂದು, ಹೋಳಿಗೆಯನ್ನು ಹೊಗಳಿದ್ದು ಅವಳ ಕಿವಿಗೆ ಬಿತ್ತು. ಅಷ್ಟೇ ಸಾಕಾಯಿತು. "ನನ್ನ ಕುರ್ಚಿನೂ ಹಾಕಿರಲಿಕ್ಕಿಲ್ಲ ನೀವು. ಮೊಮ್ಮಗಳ ಮದುವಿ ಕಣ್ಣಿಲೆ ನೋಡೋತನಕ ಮಗನ ಕೂಡ ಮಾತಿಲ್ಲ" ಎಂದು ಶಪಥ ಮಾಡಿಬಿಟ್ಟಳು. ನಲವತ್ತು ದಿನ ಹತ್ತಿರ ಬಂದಿದ್ದರೂ ಮಾತಾಡಿರಲಿಲ್ಲ. ಬರುವ ಭಾನುವಾರ ನಾಲ್ಕೂವರೆ ಗಾಡಿಗೆ ಅವಳು ತಂಗಿಯ ಮನೆಗೆಂದು ಸೇಡಂಗೆ ಹೊರಟಿದ್ದಳು.

"ಮಾತಾಡದ ಹೋದಳಂದ್ರ ನನಗ ಊಟ ಸೇರಂಗಿಲ್ಲ ಅಕ್ಕಾರ. ಅಷ್ಟರಾಗ ಮುಗಿಸಿಕೊಡ್ರಿ. ಮತ್ತ..." ಸಾವ್ಕಾರರು ದನಿ ತಗ್ಗಿಸಿದರು. "ಮದುವ್ಯಾಗ ನಾ ಒಬ್ಬರ ಮ್ಯಾಲ ಒದರೇನಿ. ಅದೊಂದು ತೆಗೀರಿ. ಮರ್ಯಾದಿ ಹೋಗ್ತೈತಿ."

"ನೋಡ್ತೀನ್ರಿ" ಎಂದಳು ಶಿವದೇವಿ. ಅವಳು ನೋಡುತ್ತೇನೆ ಎಂದರೆ ತೆಗೆಯುವುದಿಲ್ಲ ಎಂದು ಅರ್ಥ. ಇದು ಸಾವ್ಕಾರರಿಗೆ ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಮದುವೆಯ ಸಿನಿಮಾ ಡಿಸ್ಕಿಗೆ ಇಳಿಯಿತು. ಶಿವದೇವಿ ತನ್ನ ಕಂಪ್ಯೂಟರಿಗೆ ಹಚ್ಚಿ ಮೊದಲಿನಿಂದ ಕೊನೆವರೆಗೂ ಓಡಿಸಿ ನೋಡಿದಳು. ಚಿನ್ನದಂತೆ ಓಡಿತು. ಹಳೆಯ ಡಿಸ್ಕುಗಳಿಗೆ ಒಂದು ಪ್ಲಾಸ್ಟಿಕ್ ಚೀಲವಿರುತ್ತಿತ್ತು. ಇದಕ್ಕೆ ಇರಲಿಲ್ಲ. ಗಟ್ಟಿ ಖಣವೇ ಇರುವಾಗ ಚೀಲವೇಕೆ ಎಂದುಕೊಂಡು ಡಿಸ್ಕನ್ನು ಹಾಗೇ ಖಣದ ಮೇಲಿಟ್ಟು ಕೈತುಂಬ ಉಡಿ ತುಂಬಿದಳು. ಶಾಂತಪ್ಪ ಸ್ಕೂಟರ್ ತೆಗೆದ. ಗಂಟನ್ನು ಮಡಿಲಲ್ಲಿಟ್ಟುಕೊಂಡು, ಅಗೆದು ಬಿಟ್ಟ ರಸ್ತೆಗಳಲ್ಲಿ ಕುಲುಕುತ್ತ, ಹನ್ನೊಂದೂವರೆಗೆ ಬೇಗಂಪೇಟೆ ಮುಟ್ಟಿದರು.

ಬಂಡೆಮ್ಮ ಟೀವಿಯ ಎದುರು ಕುರ್ಚಿಯಲ್ಲಿ ಕೂತಿದ್ದಳು. ಪಟ್ಟಿ ಬಿಚ್ಚಿತ್ತು, ಬಡಿಗೆ ಕೈಯಲ್ಲಿತ್ತು, ಟ್ರಂಕು ಬಾಗಿಲಲ್ಲಿತ್ತು. ಸಾವ್ಕಾರರು ಫ್ಯಾನಿನ ಸ್ವಿಚ್ಚಿಗೆ ಆತುಕೊಂಡೇ ನಿಂತಿದ್ದರು. ಬಂಡೆಮ್ಮ ಅಡುಗೆಮನೆಯ ಕಡೆ ಮುಖ ಮಾಡಿ ಸೊಸೆಯನ್ನು ಕೂಗಿದಳು.

"ವಿಜಯಶ್ರೀ, ನಿನ್ನ ಗಂಡಗ ಹೇಳು, ಫ್ಯಾನ್ ಹಾಕಂತ."

ಸಾವ್ಕಾರರು ಫ್ಯಾನ್ ಹಾಕಿದರು. "ನಿಮ್ಮ ಅತ್ತಿಯವರಿಗೆ ಹೇಳು, ಹಾಕೀನಿ ಅಂತ."

ವಿಜಯಶ್ರೀ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ಶಿವದೇವಿಯ ಕೈ ಹಿಡಿದಳು. "ಅಕ್ಕಾ, ನಲವತ್ತು ದಿನದಿಂದ ನಾ ಟಪಾಲು ಹಂಚಾಕತ್ತೀನಿ. ಲಗೂನ ಹಚ್ಚವ್ವಾ ನಿನ್ನ ಸಿನಿಮಾ!"

ಉಡಿ ಇಳಿಸಿದರು. ಅಕ್ಕಿ ಬದಿಗೆ ಸರಿಸಿ, ಡಿಸ್ಕನ್ನು ಸೆರಗಿನಿಂದ ಒರೆಸಿ, ಶಿವದೇವಿ ವೈರು ಸಿಕ್ಕಿಸಿದಳು. ಡಿಸ್ಕಿನ ದೀಪ ಎರಡು ಸಲ ಮಿಣುಕಿತು. ಆರಿತು. ಟೀವಿಯಲ್ಲಿ ಏನೂ ಇಲ್ಲ. ತೆಗೆದು ಮತ್ತೆ ಹಾಕಿದಳು. ಮಿಣುಕಿತು, ಆರಿತು. ಟೀವಿಯ ಇನ್ನೊಂದು ಬಾಯಿಗೆ ಹಾಕಿದಳು. ಅದೇ ಹಾಡು.

"ನಾ ಮಿಂಚಿನಂಥಾ ಡಿಸ್ಕ್ ತಂದಿದ್ದೆ" ಎಂದರು ಸಾವ್ಕಾರರು ಯಾರಿಗೂ ಅಲ್ಲದ ಹಾಗೆ. "ತಿರುಗಿ ಕಳಿಸಿದ್ರು."

"ವಿಜಯಶ್ರೀ," ಬಂಡೆಮ್ಮ ಬಡಿಗೆ ಕುಟ್ಟಿದಳು, "ನಿನ್ನ ಗಂಡಗ ಹೇಳು, ಮದುವಿ ಆಗಿದ್ದ ಸುಳ್ಳು ಇರಬೇಕು ಅಂತ."

ಶಿವದೇವಿ ವೈರು ಕಿತ್ತು ಕೈಯಲ್ಲಿ ಹಿಡಿದಳು. ಅಷ್ಟು ಜನಕ್ಕೆ ಬಾಯಿ ಆರಿಸಿಕೊಟ್ಟವಳು ಈ ಮನೆಯಲ್ಲಿ ತಪ್ಪಿದೆನೇ? ಸಾವ್ಕಾರರ ಮಾತಿಗಿಂತ, ನಾಲ್ಕೂವರೆಗೆ ಸಿಟ್ಟಿನಲ್ಲೇ ಗಾಡಿ ಹತ್ತುವ ಮುದುಕಿ ಅವಳ ಕಣ್ಣ ಮುಂದೆ ಬಂದಳು. ಮನೆಯ ಕಂಪ್ಯೂಟರಿನಲ್ಲಿ ಇನ್ನೊಂದು ಪ್ರತಿ ಇತ್ತು. ಶಾಂತಪ್ಪನನ್ನು ಪೆನ್ ಡ್ರೈವ್ ಕೊಟ್ಟು ಓಡಿಸಿದಳು. ಮುಕ್ಕಾಲು ತಾಸಿಗೆ ಅವನ ಫೋನು ಬಂತು. "ಗಲ್ಲ್ಯಾಗ ಲೈನ್ ರಿಪೇರಿ ನಡದೈತಿ. ಐದು ಗಂಟೆತನಕ ಕರೆಂಟ್ ಇಲ್ಲಂತ. ನಾ ಇಲ್ಲೇ ಕುಂತು ಏನ್ ಮಾಡ್ಲಿ, ಕಡ್ಲಿ ತಿನ್ಲ್ಯಾ?"

"ತಿನ್ನು" ಎಂದಳು ಶಿವದೇವಿ.

ಸೌಂದರ್ಯಾ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪಿಗೆ ಹಚ್ಚಿದಳು. ಅಲ್ಲೂ ಮಿಣುಕಿ ಆರಿತು. ಸಾವ್ಕಾರರ ಫೋನ್ ಚಾರ್ಜರಿನ ವೈರು ಹಾಕಿದಳು. ಅದು ನಿಧಾನದ ವೈರು, ಆದರೂ ಡಿಸ್ಕ್ ಕಾಣಿಸಬೇಕಿತ್ತು. ಕಾಣಿಸಲಿಲ್ಲ. ಒಂದು ಗಂಟೆ ಹೊಡೆಯಿತು. ಬೇರೆ ದಾರಿ ಕಾಣದೆ ಅಮರಯ್ಯನಿಗೆ ವಿಡಿಯೋ ಕಾಲ್ ಮಾಡಿದಳು. ಅವನು ಬನಿಯನ್ನಿನಲ್ಲಿ ಊಟಕ್ಕೆ ಕೂತಿದ್ದ.

"ಅಯ್ಯನವರ, ಡಿಸ್ಕ್ ಕೈ ಕೊಟ್ಟೈತಿ."

"ಕೈ ಕೊಡೋ ಮಾಲು ನಾ ಮಾರಂಗಿಲ್ಲಕ್ಕಾರ. ಟೀವಿ ಬಿಟ್ಟು ಬ್ಯಾರೇದಕ್ಕ ಹಚ್ಚಿ ನೋಡಿದ್ರೇನು?"

"ನೋಡ್ದೆ."

"ವೈರು?"

"ಅದೂ ಆತು."

"ಪಿನ್ನು ಡಿಸ್ಕಿನ ಬಾಯಾಗ ಪೂರ್ತಿ ಕೂಡಾಕತ್ತೈತೇನು?"

ಶಿವದೇವಿ ಬಗ್ಗಿ ನೋಡಿದಳು. ಪಿನ್ನು ಉಗುರಿನ ಅಂಚಿನಷ್ಟು ಹೊರಗೇ ಉಳಿದಿತ್ತು. ಎಷ್ಟು ಒತ್ತಿದರೂ ಒಳಗೆ ಹೋಗಲೊಲ್ಲದು.

"ಒತ್ತಬ್ಯಾಡ್ರಿ! ವೈರು ತೆಗೀರಿ. ಬಾಯಾಗ ಬ್ಯಾಟರಿ ಬಿಟ್ಟು ನೋಡ್ರಿ."

ವಿಜಯಶ್ರೀ ಫೋನಿನ ಬೆಳಕು ಹಿಡಿದಳು. ಬಾಯಿಯ ಒಳಗೆ, ನಡುನಾಲಗೆಯ ಒಂದು ಮಗ್ಗುಲಲ್ಲಿ, ಏನೋ ಬೆಳ್ಳಗೆ ಕಂಡಿತು. ಸುತ್ತ ಹಳದಿ.

"ಸೂಜಿ ಹಾಕಬ್ಯಾಡ್ರಿ, ಕಬ್ಬಿಣ ಬ್ಯಾಡ" ಎಂದ ಅಮರಯ್ಯ ತುತ್ತು ನುಂಗುತ್ತ. "ಕಟಿಗಿದು ಏನರ ಸಣ್ಣಂದು ನೋಡ್ರಿ."

ಎಲ್ಲರೂ ಹುಡುಕತೊಡಗಿದರು. ಹಲ್ಲುಕಡ್ಡಿ ದಪ್ಪವಾಯಿತು. ಬೆಂಕಿಕಡ್ಡಿಯಂತೂ ಬಾಯಿಯನ್ನೇ ಮುಚ್ಚುವಂತಿತ್ತು. ಬಂಡೆಮ್ಮ ಅಲುಗಾಡದೆ ಕೂತಲ್ಲಿಂದಲೇ, "ದೇವರ ಜಗಲಿ ಮ್ಯಾಲ ಉರದ ಊದಿನಕಡ್ಡಿ ಇರ್ತಾವಲ್ಲ. ತುದಿ ಸೀಳಿಕೋರಿ" ಎಂದಳು. ಸಾವ್ಕಾರರು ಓಡಿಹೋಗಿ ತಂದರು. ಬಿದಿರಿನ ತುದಿಯನ್ನು ಸೀಳಿ ಕೂದಲೆಳೆಯಂತೆ ಮಾಡಿ, ಶಿವದೇವಿ ಉಸಿರು ಹಿಡಿದು, ಮಗುವಿನ ಕಿವಿಯಿಂದ ಗುಗ್ಗೆ ತೆಗೆದಷ್ಟು ಮೆತ್ತಗೆ ಎಬ್ಬಿಸಿದಳು. ಅದು ಉದುರಿ ಸಾವ್ಕಾರರ ಅಂಗೈಗೆ ಬಿತ್ತು.

ಮೂವತ್ತು ವರ್ಷ ಕಾಳು ಮುಟ್ಟಿದ ಕೈ ಅದು. ಅವರು ಬೆಳಕಿಗೆ ಹಿಡಿದು ಹೇಳಿದರು: "ಸೋನಾ ಮಸೂರಿ. ನುಚ್ಚು. ಅಕ್ಕಿ ಹಳೇದು, ಛಲೋ ಐತಿ." ಆಮೇಲೆ ಹೊಳೆಯಿತು. "ಅಲ್ಲಾ, ಡಿಸ್ಕಿನ್ಯಾಗ ಅಕ್ಕಿ ಹ್ಯಾಂಗ ಬಂತು?"

ಶಿವದೇವಿ ನೆಲದ ಮೇಲಿನ ಖಣ ನೋಡಿದಳು, ಅಕ್ಕಿ ನೋಡಿದಳು. "ನಾನ ಹಾಕಿದ್ದು" ಎಂದಳು. "ಉಡಿ ತುಂಬಿದಾಗ ಹೋಗೈತಿ. ಆಮ್ಯಾಲ ನಾನ ಪಿನ್ನಿಲೆ ಒಳಗ ದೂಡೀನಿ."

ಫೋನಿನೊಳಗಿಂದ ಅಮರಯ್ಯನ ನಗು ಕೇಳಿಸಿತು, ಮಧ್ಯೆ ನೆತ್ತಿಗೆ ಹತ್ತಿ ಕೆಮ್ಮಿದ. "ಇಲಿ ಕಡದ ವೈರು ನೋಡೀನಿ, ಚಹಾ ಕುಡದ ಡಿಸ್ಕ್ ನೋಡೀನಿ. ಉಡಿ ಅಕ್ಕಿ ತಿಂದ ಡಿಸ್ಕ್ ಇದ ಮೊದಲಕ್ಕಾರ! ಅದಕ್ಕೂ ಹಸಿವಿ ಆಗಿತ್ತೋ ಏನೋ."

"ನಗತಾನ ನೋಡು" ಎಂದಳು ಬಂಡೆಮ್ಮ ಫೋನಿನ ಕಡೆ ಬಡಿಗೆ ಎತ್ತಿ. "ಉಡಿ ತುಂಬಿದ್ದು ತಪ್ಪಲ್ಲ. ಹಿಂದ ನಾವು ಹಾಕ್ತಿದ್ದದ್ದು ದಪ್ಪ ಅಕ್ಕಿ, ಇಂಥಾ ಕಿಂಡ್ಯಾಗ ಹೋಗ್ತಿದ್ದಿಲ್ಲ. ಈ ಊರ ಅಕ್ಕಿನ ಸಣ್ಣದು. ಹಚ್ಚವ್ವಾ ನೀ, ಅಂಜಬ್ಯಾಡ."

ಶಿವದೇವಿ ಬಾಯಿಯನ್ನು ಉಫ್ ಎಂದು ಊದಲು ಹೋದಳು. "ಉಗುಳು ಬೀಳ್ತೈತಿ, ಊದಬ್ಯಾಡ್ರಿ" ಎಂದ ಅಮರಯ್ಯ. ಡಿಸ್ಕನ್ನು ಬೋರಲು ಹಿಡಿದು ಮೆಲ್ಲಗೆ ತಟ್ಟಿದಳು. ಒಂದು ಚಿಟಿಕೆ ಅರಿಷಿಣ ಉದುರಿತು. ಪಿನ್ನು ಹಾಕಿದಳು. ಟಕ್ ಎಂದು ಕೂತಿತು. ದೀಪ ಹತ್ತಿತು, ನಿಂತಿತು. ಟೀವಿಯ ಮೇಲೆ ಸೌಂದರ್ಯಾಳ ಮುಖ ಮೂಡಿತು, ಮೂಗಿನ ಮೇಲೆ ಅರಿಷಿಣದ ಬೊಟ್ಟು.

ಎರಡಕ್ಕೆ ಐದು ನಿಮಿಷ ಇತ್ತು. ಗಾಡಿಗೆ ಇನ್ನೂ ಹೊತ್ತಿತ್ತು.

ಬಂಡೆಮ್ಮ ಕನ್ನಡಕ ಏರಿಸಿ ನೋಡಿದಳು. ಸುರಗಿಯ ಹಾಡಿನಲ್ಲಿ ಎರಡು ನುಡಿ ನುಂಗಿದ್ದಾರೆ ಎಂದು ಬೈದಳು. ಬೀಗತಿಯ ಸೀರೆ ಸೆರಗು ಗಿಡ್ಡದಾಯಿತು ಎಂದಳು. ಎಲ್ಲವನ್ನೂ ವಿಜಯಶ್ರೀಗೇ ಹೇಳಿದಳು. ಸಾವ್ಕಾರರು ಸ್ವಿಚ್ಚಿನ ಹತ್ತಿರವೇ ನಿಂತಿದ್ದರು, ಕೂರಲಿಲ್ಲ. ಅಕ್ಕಿಕಾಳಿನ ಹೊತ್ತು ಬಂತು.

ಮಂಟಪದ ಎದುರಿನ ಮೊದಲ ಸಾಲು. ನಡುವೆ ಒಂದು ದೊಡ್ಡ ಕುರ್ಚಿ. ಅದರ ಮೇಲೆ ಮಡಿಚಿದ ಹಸಿರು ಇಳಕಲ್ ಸೀರೆ, ಸೀರೆಯ ಮೇಲೆ ಒಂದು ಕನ್ನಡಕದ ಡಬ್ಬಿ. ವರನ ಸೋದರಮಾವ ಭೀಮಾಶಂಕರ, ಒಬ್ಬಾಳಿಗಿಂತ ಹೆಚ್ಚು ಮೈ ಇದ್ದವರು, ಬೆವರು ಒರೆಸುತ್ತ ಬಂದು, ಸೀರೆಯನ್ನು ಬದಿಗಿಟ್ಟು ಆ ಕುರ್ಚಿಯಲ್ಲಿ ಕೂತರು. ಕೂತಿದ್ದೇ ತಡ, ಟೀವಿಯ ಒಳಗಿನ ಗುರುಬಸವ ಸಾವ್ಕಾರರು ಮಂಟಪದಿಂದ ಜಿಗಿದು ಬಂದು ಒದರಿದರು.

"ಏಳ್ರಿ! ಏಳ್ರಿ ಮ್ಯಾಲ! ನಮ್ಮವ್ವನ ಕುರ್ಚಿರಿ ಅದು! ಯಾರೂ ಕೂಡೋ ಹಂಗಿಲ್ಲ!"

ಭೀಮಾಶಂಕರರು ದಡಬಡಿಸಿ ಎದ್ದರು. ಟೀವಿಯ ಸಾವ್ಕಾರರು ಸೀರೆಯನ್ನು ಮತ್ತೆ ಮಡಿಚಿ ಕುರ್ಚಿಯ ಮೇಲಿಟ್ಟು, ಕನ್ನಡಕದ ಡಬ್ಬಿಯನ್ನು ಮಂಟಪದ ಕಡೆ ತಿರುಗಿಸಿಟ್ಟು, ಓಡಿಹೋಗಿ ಮಗಳ ಪಕ್ಕ ನಿಂತರು. ಅಕ್ಕಿಕಾಳು ಬಿದ್ದವು.

ಹೊರಗಿನ ಸಾವ್ಕಾರರು ಶಿವದೇವಿಯತ್ತ ದುರುಗುಟ್ಟಿದರು. "ತೆಗೀರಿ ಅಂದಿದ್ದೆ."

"ನೋಡ್ತೀನಿ ಅಂದಿದ್ದೆ" ಎಂದಳು ಶಿವದೇವಿ. "ನೋಡ್ದೆ."

ಬಂಡೆಮ್ಮ ಟೀವಿಯತ್ತ ಬಾಗಿದಳು. ಆಮೇಲೆ ಅವಳ ಹೆಗಲು ಕುಣಿಯತೊಡಗಿತು. ವಿಜಯಶ್ರೀ ಅತ್ತೆ ಅಳುತ್ತಿದ್ದಾಳೆಂದು ಹತ್ತಿರ ಹೋದಳು. ಮುದುಕಿ ಬೊಚ್ಚುಬಾಯಿ ತೆರೆದು ನಗುತ್ತಿದ್ದಳು.

"ಗುರ್ಯಾ," ಎಂದಳು, ಗೋಡೆಗಲ್ಲ, ಸೊಸೆಗಲ್ಲ, ಮಗನಿಗೇ. "ಬೀಗರ ಮಾವನ್ನ ಎಬ್ಬಿಸಿದ್ಯೇನೋ? ಅಷ್ಟು ದಪ್ಪ ಮನಿಶಾನ್ನ?"

"ಮತ್ತೇನ್ ಮಾಡ್ಲಿ ಯವ್ವಾ? ನಿನ್ನ ಸೀರಿ ತೆಗೆದಿಟ್ಟ ಅವ."

"ಹೇಳ್ಬಾರದೇನೋ ಇಷ್ಟು ದಿನ?"

"ಯಾರಿಗೆ ಹೇಳ್ಲಿ? ನೀ ಗೋಡಿ ಕೂಡ ಮಾತಾಡ್ತಿದ್ದಿ."

"ಅದನ್ನ ಮತ್ತೊಮ್ಮೆ ಹಚ್ಚವ್ವಾ ಶಿವದೇವಿ" ಎಂದಳು ಬಂಡೆಮ್ಮ. "ಆ ಏಳೋದಷ್ಟ."

ಭೀಮಾಶಂಕರರು ಆ ಮಧ್ಯಾಹ್ನ ನಾಲ್ಕು ಸಲ ಎದ್ದರು. ಐದನೆಯ ಸಲಕ್ಕೆ ಹೊತ್ತಿರಲಿಲ್ಲ. ಅಷ್ಟರಲ್ಲಿ ಶಾಂತಪ್ಪನೂ ಕಡಲೆಯ ಪೊಟ್ಟಣ ಹಿಡಿದು ತಿರುಗಿ ಬಂದಿದ್ದ. ಟ್ರಂಕು ಕೆಳಗಿಳಿಸಿದ. ಡಿಸ್ಕ್ ತನ್ನ ಕೂಡ ಬರಬೇಕು, ತಂಗಿಗೆ ತೋರಿಸಬೇಕು ಎಂದು ಬಂಡೆಮ್ಮ ಹಟ ಹಿಡಿದಳು. ಶಿವದೇವಿ ರೂಢಿಯಂತೆ ಮೊದಲ ಪ್ರಶ್ನೆ ಹಾಕಿದಳು.

"ಆಯಿ, ಸೇಡಂ ಮನಿ ಟೀವಿ ಯಾವ ಕಾಲದ್ದು?"

"ಡಬ್ಬಿ ಟೀವಿ. ಅದಕ್ಕ ಬಾಯಿನ ಇಲ್ಲ." ಬಂಡೆಮ್ಮ ಮಗನ ಕಡೆ ತಿರುಗಿದಳು. "ಬರೋ ಐತವಾರ ಹೊಸಾದು ತಗೊಂಡು ನೀ ಬಾ. ನೀಲಿ ನಾಲಗಿ ಇದ್ದ ಅಗಲ ಬಾಯಿದ್ದದ್ದ ನೋಡಿ ತಾ. ಎಲ್ಲಾಕಿಂತ ಫಾಸ್ಟ್ ಅಂತ ಏನರ ತಂದಿ ನೋಡು, ಮತ್ತ ಮಾತು ಬಿಡ್ತೀನಿ."

"ಆತು ಯವ್ವಾ."

ಇನ್ನು ಉಡಿ. ಶಿವದೇವಿ ಹಿಂದೆಮುಂದೆ ನೋಡಿದಳು. "ಬರೇ ಖಣದಾಗ ಸುತ್ತಿ ಕೊಡ್ಲೇನ್ರಿ ಆಯಿ?"

"ಬರಿ ಉಡೀಲೆ ಕಳಸ್ತಿಯೇನ ನನ್ನ ಮೊಮ್ಮಗಳನ್ನ? ಹಾಕು, ನಾ ಎಣಸ್ತೀನಿ. ಗುರ್ಯಾ, ಬಾ ಇಲ್ಲಿ."

ಹೀಗೆ, ಕೆಳಗೆ ಆಟೋದವನು ಹಾರ್ನ್ ಬಾರಿಸುತ್ತಿರುವಾಗ, ಬೇಗಂ ಬಜಾರಿನ ಗುರುಬಸವ ಸಾವ್ಕಾರರು ನೆಲದ ಮೇಲೆ ಮಂಡಿಯೂರಿ ಕೂತು, ಡಿಸ್ಕಿನ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಶಿವದೇವಿ ಹಿಡಿ ಹಿಡಿಯಾಗಿ ಅಕ್ಕಿ ಹಾಕಿದಳು. ಬಂಡೆಮ್ಮ ಬಡಿಗೆಯ ಮೇಲೆ ಬಾಗಿ ಎಣಿಸಿದಳು.

"ಮೂರು... ನಾಲ್ಕು... ಬೆರಳು ಸಡಿಲ ಬಿಡಬ್ಯಾಡಲೇ... ಐದು."